ಪೆಟ್ಟಿಗೆಯೊಳಗಿನ ಬಿಸಿಲು

ಕೇಳುಗರೆಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ಎಡಗೈ ಮೇಲೆತ್ತಿ, ಕಂಕುಳಿನ ಹತ್ತಿರ ತೋಳಿನ ಒಳಭಾಗವನ್ನು ನೋಡಿಕೊಳ್ಳಿ. ಆಮೇಲೆ ಅದೇ ಕೈಯನ್ನು ಇಳಿಸಿ, ಮೊಣಕೈಯಿಂದ ಕೆಳಗಿನ ಹೊರಭಾಗ ನೋಡಿ. ಒಳಗಡೆಯ ಚರ್ಮ ನುಣುಪಾಗಿದೆ, ಬಣ್ಣ ಒಂದೇ ಸಮನಾಗಿದೆ. ಹೊರಗಡೆ ಸಣ್ಣ ಗೆರೆಗಳಿವೆ, ಅಲ್ಲಲ್ಲಿ ಚುಕ್ಕೆಗಳಿವೆ, ಸವರಿದರೆ ಒರಟು. ಎರಡೂ ನಿಮ್ಮದೇ ಚರ್ಮ, ಎರಡಕ್ಕೂ ಒಂದೇ ವಯಸ್ಸು. ಹಾಗಿದ್ದರೂ ಹೊರಗಿನದು ಹತ್ತು ವರ್ಷ ದೊಡ್ಡದಾಗಿ ಕಾಣುತ್ತದೆ. ಈ ಅಂತರವನ್ನು ತಂದದ್ದು ಬಹುಮಟ್ಟಿಗೆ ಬೆಳಕು.

ನಾನು ಚರ್ಮವೈದ್ಯೆ. ಇವತ್ತು ಮಾತಾಡಬೇಕೆಂದಿರುವುದು ಟ್ಯಾನಿಂಗ್ ಬೆಡ್ ಬಗ್ಗೆ. ಅಂದರೆ ಮನುಷ್ಯರು ಮಲಗುವಷ್ಟು ಉದ್ದದ ಪೆಟ್ಟಿಗೆ, ಮೇಲೂ ಕೆಳಗೂ ಸಾಲಾಗಿ ಟ್ಯೂಬ್‌ಲೈಟಿನಂಥ ದೀಪಗಳು. ಹತ್ತು ಹದಿನೈದು ನಿಮಿಷ ಒಳಗೆ ಮಲಗಿದರೆ ಬಿಸಿಲಿಗೆ ಹೋಗದೆಯೇ ಮೈಗೆ ಕಂದು ಬಣ್ಣ ಬರುತ್ತದೆ. ಜರ್ಮನಿಯ ಫ್ರೀಡ್ರಿಕ್ ವೋಲ್ಫ್ ಎಂಬವರು 1970ರ ದಶಕದಲ್ಲಿ ಇದನ್ನು ವ್ಯಾಪಾರಕ್ಕಿಳಿಸಿದರು. ಅಲ್ಲಿಂದ ಎಷ್ಟೋ ದೇಶಗಳಿಗೆ ಹರಡಿತು. ಇದರ ಬಗ್ಗೆ ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ ಆಗಿರುತ್ತವೆ. ಒಂದೊಂದಾಗಿ ನೋಡೋಣ.

ಮೊದಲನೆಯದು: ಆ ಬಣ್ಣ ಎಲ್ಲಿಂದ ಬರುತ್ತದೆ?

ನಮ್ಮ ಭಾಷೆಗೆ ಇದರ ಉತ್ತರ ಮೊದಲೇ ಗೊತ್ತಿತ್ತೇನೋ ಎಂದು ನನಗೆ ಅನ್ನಿಸುವುದುಂಟು. ‘ಕಂದು’ ಅಂದರೆ ಬಣ್ಣ. ‘ಕಂದು’ ಅಂದರೆ ಬಾಡುವುದೂ ಹೌದು. ಬಿಸಿಲಿಗೆ ಹೂವು ಕಂದಿತು, ಮುಖ ಕಂದಿತು ಅನ್ನುತ್ತೇವಲ್ಲ. ಚರ್ಮದೊಳಗೆ ನಡೆಯುವುದೂ ಹಾಗೆಯೇ. ದೀಪದಿಂದ ಬರುವ ನೇರಳಾತೀತ, ಅಂದರೆ ಯುವಿ, ಕಿರಣಗಳಲ್ಲಿ ಎರಡು ಬಗೆ. ಯುವಿ-ಎ ಕಿರಣ ಆಳಕ್ಕೆ ಇಳಿಯುತ್ತದೆ, ಯುವಿ-ಬಿ ಮೇಲಿನ ಪದರದಲ್ಲೇ ನಿಲ್ಲುತ್ತದೆ. ಟ್ಯಾನಿಂಗ್ ದೀಪಗಳು ಸೂಸುವುದರಲ್ಲಿ ಬಹುಪಾಲು, ಸಾಮಾನ್ಯವಾಗಿ ಶೇಕಡಾ 95ರಷ್ಟು, ಯುವಿ-ಎ. ಪೆಟ್ಟಿಗೆಯಿಂದ ಎದ್ದ ಕೂಡಲೇ ಕಾಣುವ ಬಣ್ಣ ಈ ಯುವಿ-ಎ ಕೆಲಸ. ಚರ್ಮದಲ್ಲಿ ಮೊದಲೇ ಇದ್ದ ಮೆಲನಿನ್ ಎಂಬ ವರ್ಣದ್ರವ್ಯವನ್ನೇ ಅದು ಗಾಢವಾಗಿಸುತ್ತದೆ. ಹೊಸದೇನೂ ತಯಾರಾಗಿರುವುದಿಲ್ಲ, ರಕ್ಷಣೆಯೂ ಸಿಕ್ಕಿರುವುದಿಲ್ಲ.

ಎರಡು ಮೂರು ದಿನಗಳ ನಂತರ ಬರುವ ಬಣ್ಣದ ಕಥೆ ಬೇರೆ. ಕಿರಣ ತಾಗಿದ ಜೀವಕೋಶದಲ್ಲಿ ಡಿಎನ್‌ಎ ಎಳೆಗೆ ಏಟು ಬೀಳುತ್ತದೆ. ಅಕ್ಕಪಕ್ಕದ ಕೊಂಡಿಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಆ ಕೋಶ ಹಾನಿಯನ್ನು ಗುರುತಿಸಿ, ಬಣ್ಣ ತಯಾರಿಸುವ ಕೋಶಕ್ಕೆ ಸುದ್ದಿ ಕಳಿಸುತ್ತದೆ. ಅದು ಮೆಲನಿನ್ ಮಾಡಿ ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಸುತ್ತಲಿನ ಕೋಶಗಳಿಗೆ ಹಂಚುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಪೊಟ್ಟಣಗಳು ಪ್ರತಿ ಕೋಶಕೇಂದ್ರದ ನೆತ್ತಿಯ ಮೇಲೆ, ಬೆಳಕು ಬರುವ ದಿಕ್ಕಿಗೇ, ಟೊಪ್ಪಿಗೆಯ ಹಾಗೆ ಕೂತಿರುತ್ತವೆ. ಎಷ್ಟು ಸಲ ನೋಡಿದರೂ ನನಗೆ ಬೆರಗು ತರಿಸುವ ದೃಶ್ಯ ಅದು. ಚರ್ಮ ತನ್ನ ವಂಶವಾಹಿಗಳಿಗೆ ಕೊಡೆ ಹಿಡಿಯುತ್ತಿದೆ. ಆದರೆ ಒಂದು ಮಾತು ನೆನಪಿರಲಿ: ಒಂದಷ್ಟು ನೆನೆದಾದ ಮೇಲೆ ಬಿಚ್ಚಿದ ಕೊಡೆ ಇದು. ಗಾಯ ಮೊದಲು, ಬಣ್ಣ ಆಮೇಲೆ. ಆದ್ದರಿಂದಲೇ ‘ಏನೂ ಹಾನಿಯಿಲ್ಲದ ಟ್ಯಾನ್ ಹೇಗೆ ಮಾಡಿಸಿಕೊಳ್ಳುವುದು’ ಎಂದು ಯಾರಾದರೂ ಕೇಳಿದಾಗ, ಅಂಥದ್ದೊಂದು ಇಲ್ಲ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಎರಡನೆಯ ಪ್ರಶ್ನೆ ಸ್ವಲ್ಪ ಜಾಣತನದ್ದು. ಬಿಸಿಲಿಗೆ ಗಡಿಯಾರ ಇಲ್ಲ, ಯಂತ್ರಕ್ಕೆ ಇದೆ. ಲೆಕ್ಕ ಹಾಕಿ ಮಲಗಿದರೆ ಸೂರ್ಯನಿಗಿಂತ ಇದೇ ಒಳ್ಳೆಯದಲ್ಲವೇ?

ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ಗಡಿಯಾರ ಅಳೆಯುವುದು ನಿಮಿಷವನ್ನು, ಕಿರಣದ ಬಲವನ್ನಲ್ಲ. ಯುರೋಪಿನಲ್ಲಿ ಈ ಯಂತ್ರಗಳಿಗೆ ಒಂದು ಮಿತಿ ಇಟ್ಟಿದ್ದಾರೆ: ಚರ್ಮ ಕೆಂಪಾಗಿಸುವ ಕಿರಣದ ಲೆಕ್ಕದಲ್ಲಿ ಒಂದು ಚದರ ಮೀಟರಿಗೆ 0.3 ವ್ಯಾಟ್. ಹವಾಮಾನ ವರದಿಯ ಯುವಿ ಸೂಚ್ಯಂಕಕ್ಕೆ ಅದನ್ನು ಹೊಂದಿಸಿದರೆ 12 ಆಗುತ್ತದೆ, ಅಂದರೆ ಉಷ್ಣವಲಯದ ನಡುಮಧ್ಯಾಹ್ನದ ಸುಡುಬಿಸಿಲು. ಕಾನೂನು ಒಪ್ಪುವ ಗರಿಷ್ಠವೇ ಅಷ್ಟು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಗ್ಲೆಂಡಿನ ಯಂತ್ರಗಳನ್ನು ಅಳೆದು ನೋಡಿದಾಗ ಹತ್ತರಲ್ಲಿ ಒಂಬತ್ತು ಆ ಮಿತಿಯನ್ನೂ ದಾಟಿದ್ದವು. ಇನ್ನು ಯುವಿ-ಎ ಒಂದನ್ನೇ ತೆಗೆದುಕೊಂಡರೆ, ಬಲವಾದ ಕೆಲವು ಯಂತ್ರಗಳು ಮಧ್ಯಾಹ್ನದ ಸೂರ್ಯನ ಹತ್ತು ಪಟ್ಟಿಗೂ ಮಿಕ್ಕಿ ಸೂಸಬಲ್ಲವು. ಮೈ ಸುಡದಿರುವುದೇ ಇಲ್ಲಿ ಮೋಸ. ಬಿಸಿಲಿನಲ್ಲಾದರೆ ಚುರುಗುಟ್ಟಿ ಎದ್ದು ನೆರಳಿಗೆ ಹೋಗುತ್ತೀರಿ. ಪೆಟ್ಟಿಗೆಯಲ್ಲಿ ಫ್ಯಾನ್ ಗಾಳಿ ಬೀಸುತ್ತಿರುತ್ತದೆ, ಯುವಿ-ಬಿ ಕಡಿಮೆ ಇರುತ್ತದೆ. ಆಳಕ್ಕೆ ಇಳಿಯುವ ಕಿರಣ ಮಾತ್ರ ಸದ್ದಿಲ್ಲದೆ ಇಳಿಯುತ್ತಿರುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ನಾರುಗಳು ಇರುವುದು ಆ ಆಳದಲ್ಲೇ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2009ರಲ್ಲಿ ಈ ಯಂತ್ರಗಳನ್ನು ಒಂದನೇ ಗುಂಪಿಗೆ ಸೇರಿಸಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿರುವ ವಸ್ತುಗಳ ಗುಂಪು ಅದು. ತಂಬಾಕಿನ ಹೊಗೆ ಇರುವುದೂ ಅಲ್ಲೇ. ಎರಡರ ಅಪಾಯವೂ ಒಂದೇ ಅಳತೆಯದು ಎಂದು ಇದರ ಅರ್ಥವಲ್ಲ, ಎರಡರ ಬಗ್ಗೆಯೂ ಸಾಕ್ಷ್ಯ ಅಷ್ಟೇ ಗಟ್ಟಿ ಎಂದು ಅರ್ಥ. 35 ವರ್ಷಕ್ಕೆ ಮುಂಚೆ ಈ ಅಭ್ಯಾಸ ಶುರು ಮಾಡಿದವರಲ್ಲಿ ಮೆಲನೋಮ, ಅಂದರೆ ಚರ್ಮದ ಕ್ಯಾನ್ಸರುಗಳಲ್ಲೇ ಅತಿ ಕ್ರೂರವಾದದ್ದು, ಬರುವ ಸಾಧ್ಯತೆ ಸುಮಾರು ಶೇಕಡಾ 60ರಷ್ಟು ಹೆಚ್ಚು ಎಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡಿದೆ. ಬ್ರೆಜಿಲ್ 2009ರಲ್ಲೇ ಸೌಂದರ್ಯಕ್ಕಾಗಿ ಇವುಗಳ ಬಳಕೆಯನ್ನು ನಿಷೇಧಿಸಿತು. ಆಸ್ಟ್ರೇಲಿಯಾದ ರಾಜ್ಯಗಳು 2016ರ ಆರಂಭದ ಹೊತ್ತಿಗೆ ಒಂದೊಂದಾಗಿ ವಾಣಿಜ್ಯ ಟ್ಯಾನಿಂಗ್ ಮುಚ್ಚಿಸಿದವು. ಬ್ರಿಟನ್, ಜರ್ಮನಿ, ಫ್ರಾನ್ಸ್‌ನಂಥ ದೇಶಗಳಲ್ಲಿ 18 ತುಂಬದವರಿಗೆ ಪ್ರವೇಶವಿಲ್ಲ. ಈ ವಯಸ್ಸಿನ ಗೆರೆ ನನಗೆ ಅತ್ಯಂತ ಮುಖ್ಯವಾದದ್ದು. ಮಗಳು ಆಸೆಪಟ್ಟಳು ಅಂತ ಜೊತೆಗೆ ಕರೆದುಕೊಂಡು ಹೋಗುವ ತಾಯಂದಿರಿದ್ದರೆ, ದಯವಿಟ್ಟು ಬೇಡ. ಬೇಕಾದರೆ ಅವಳ ಮುನಿಸು ಕಟ್ಟಿಕೊಳ್ಳಿ.

ಪ್ರವಾಸಕ್ಕೆ ಮುಂಚೆ ಸ್ವಲ್ಪ ಟ್ಯಾನ್ ಮಾಡಿಸಿಕೊಂಡರೆ ಅಲ್ಲಿ ಬಿಸಿಲಿಗೆ ಸುಡುವುದಿಲ್ಲವಂತೆ, ನಿಜವೇ? ಹಾಗೆ ಬಂದ ಬಣ್ಣ ಕೊಡುವ ರಕ್ಷಣೆ ಹೆಚ್ಚೆಂದರೆ ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಬಲದ ಅಳತೆ, 3 ಅಥವಾ 4 ಇರುವ ಕ್ರೀಮಿಗೆ ಸಮ. ಅಂಗಡಿಯಲ್ಲಿ ನೀವು 30ಕ್ಕಿಂತ ಕಡಿಮೆಯದನ್ನು ಕೊಳ್ಳುವುದಿಲ್ಲ.

ವಿಟಮಿನ್ ಡಿ ಸಿಗುತ್ತದಲ್ಲ ಎನ್ನುವವರಿಗೂ ಉತ್ತರ ಚಿಕ್ಕದು. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ಯುವಿ-ಬಿ ಇಂದ. ಈ ದೀಪಗಳಲ್ಲಿ ತುಂಬಿರುವುದು ಯುವಿ-ಎ. ಕೊರತೆ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ತೆಗೆದುಕೊಳ್ಳಿ.

‘ನೀವೇ ಆಸ್ಪತ್ರೆಯಲ್ಲಿ ಸೋರಿಯಾಸಿಸ್‌ಗೆ, ತೊನ್ನಿಗೆ ಇಂಥದೇ ಪೆಟ್ಟಿಗೆಯಲ್ಲಿ ನಿಲ್ಲಿಸುತ್ತೀರಲ್ಲ ಡಾಕ್ಟ್ರೇ’ ಎಂದು ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಬೆಳಕು ಔಷಧಿ ಹೌದು. ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿದ್ದಕ್ಕೆ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಸಿಕ್ಕಿತು. ಇಂದು ನಾವು ಹೆಚ್ಚಾಗಿ ಬಳಸುವುದು 311 ನ್ಯಾನೋಮೀಟರಿನ ಸುತ್ತಮುತ್ತಲಿನ ಕಿರಿದಾದ ಪಟ್ಟಿಯ ಯುವಿ-ಬಿ. ಎಷ್ಟು ಕೊಟ್ಟೆವು ಎಂದು ಪ್ರತಿ ಸಲವೂ ಬರೆದಿಡುತ್ತೇವೆ, ಚರ್ಮ ಕೆಂಪಾದರೆ ನಿಲ್ಲಿಸುತ್ತೇವೆ, ಜೀವಮಾನದ ಒಟ್ಟು ಲೆಕ್ಕವನ್ನೂ ಇಡುತ್ತೇವೆ. ಕಾಯಿಲೆ ಇರುವುದರಿಂದ ಆ ಅಪಾಯವನ್ನು ತೂಗಿ ಒಪ್ಪಿಕೊಂಡಿರುತ್ತೇವೆ. ಆರೋಗ್ಯವಂತ ಚರ್ಮಕ್ಕೆ ತೂಕದ ಆ ಇನ್ನೊಂದು ತಟ್ಟೆಯೇ ಇಲ್ಲ.

ಇಷ್ಟೆಲ್ಲ ಕೇಳಿಯೂ ‘ನಾನು ಹೋಗುವವಳೇ’ ಎನ್ನುವವರಿದ್ದಾರೆ. ಅವರನ್ನು ಬೈದು ಕಳಿಸಿದರೆ ಏನೂ ತಿಳಿಯದೆ ಹೋಗಿ ಮಲಗುತ್ತಾರೆ. ಅದಕ್ಕಿಂತ ಕೂರಿಸಿ ಹೇಳುವುದು ಮೇಲು ಎಂದು ನನಗೆ ಕಲಿಸಿದ್ದು ಒಬ್ಬ ಹುಡುಗಿ. ಮದುವೆಗೆ ಎರಡು ವಾರ ಇತ್ತು. ಎದೆ, ಭುಜ, ಮೂಗಿನ ಮೇಲೆಲ್ಲ ಕೆಂಡದ ಬಣ್ಣ. ಭುಜದ ಮೇಲೆ ನೀರುಗುಳ್ಳೆ ಎದ್ದಿದ್ದವು. ಎಂದಿನ ಹಾಗೆ ಹತ್ತು ನಿಮಿಷ ಮಲಗಿದ್ದೆ, ಯಾವತ್ತೂ ಹೀಗಾಗಿರಲಿಲ್ಲ ಎಂದಳು. ಚೀಲ ತಡಕಿ ಅವಳು ಹೊರತೆಗೆದ ಮಾತ್ರೆಯ ಹಾಳೆಯಲ್ಲಿ ನಾಲ್ಕು ಗೂಡು ಖಾಲಿಯಾಗಿದ್ದವು. ಡಾಕ್ಸಿಸೈಕ್ಲಿನ್. ಮದುವೆ ಹೊತ್ತಿಗೆ ಮೊಡವೆ ಹೋಗಲಿ ಎಂದು ಬರೆಸಿಕೊಂಡದ್ದು. ಆ ಮಾತ್ರೆ ಚರ್ಮವನ್ನು ಬೆಳಕಿಗೆ ಅತಿಸೂಕ್ಷ್ಮ ಮಾಡುತ್ತದೆ ಎಂದು ಮಾತ್ರೆ ಕೊಟ್ಟವರೂ ಹೇಳಿರಲಿಲ್ಲ, ಮಲಗಿಸಿದವರೂ ಕೇಳಿರಲಿಲ್ಲ.

ಹಾಗಾಗಿ ಮೊದಲು ಔಷಧಿಯ ಮಾತು. ಡಾಕ್ಸಿಸೈಕ್ಲಿನ್ ಅಲ್ಲದೆ ಮೊಡವೆಯ ಐಸೊಟ್ರೆಟಿನಾಯಿನ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್, ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಆಂಟಿಬಯಾಟಿಕ್, ನೋವಿಗೆ ಹಚ್ಚುವ ಕೀಟೊಪ್ರೊಫೆನ್ ಜೆಲ್ ಇವೆಲ್ಲ ಇದೇ ಸಾಲಿನವು. ಏನನ್ನಾದರೂ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಆ ಕಡೆ ಹೋಗಲೇಬೇಡಿ. ಬಿಸಿಲಿಗೆ ಬರೀ ಕೆಂಪಾಗಿ ಬಣ್ಣವೇ ಬರದ ಚರ್ಮ ಕೆಲವರದು. ಅಂಥವರಿಗೆ ಯಂತ್ರದಿಂದಲೂ ಬರುವುದು ಸುಟ್ಟಗಾಯವೇ. ಮೈಮೇಲೆ ಬಹಳ ಮಚ್ಚೆಗಳಿದ್ದರೆ, ಮನೆತನದಲ್ಲಿ ಯಾರಿಗಾದರೂ ಮೆಲನೋಮ ಬಂದಿದ್ದರೆ, ಬೆಳಕಿಗೆ ಕೆರಳುವ ಲೂಪಸ್‌ನಂಥ ಕಾಯಿಲೆ ಇದ್ದರೆ ಬೇಡವೇ ಬೇಡ.

ಕಣ್ಣಿನ ಕನ್ನಡಕ ಇನ್ನೊಂದು. ಮುಖಕ್ಕೆ ಗುರುತು ಬೀಳುತ್ತದೆ ಎಂದು ಅದನ್ನು ಹಾಕದೆ ಕಣ್ಣು ಮುಚ್ಚಿ ಮಲಗುವವರಿದ್ದಾರೆ. ಕಣ್ಣಿನ ರೆಪ್ಪೆ ದೇಹದಲ್ಲೇ ಅತಿ ತೆಳ್ಳಗಿನ ಚರ್ಮ, ಅದು ತಡೆಯುವುದಿಲ್ಲ. ಕೆಲವು ಗಂಟೆಗಳ ನಂತರ ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚಿ, ನೀರು ಸುರಿದು, ಬೆಳಕು ನೋಡಲಾಗದ ಸ್ಥಿತಿ ಬರಬಹುದು. ಪದೇ ಪದೇ ಆದರೆ ಪೊರೆ ಬೇಗ ಬರುವ ಭಯವೂ ಇದೆ. ಹತ್ತಿಯುಂಡೆ, ಟವೆಲ್, ಮಾಮೂಲಿ ಕೂಲಿಂಗ್ ಗ್ಲಾಸ್ ಯಾವುದೂ ನಡೆಯದು. ಗೂಡಿನ ಹಾಗೆ ಕಣ್ಣನ್ನು ಸುತ್ತಲೂ ಮುಚ್ಚುವ, ಬಿರುಕಿಲ್ಲದ ಕನ್ನಡಕವೇ ಬೇಕು.

ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ನಡುವೆ ಕನಿಷ್ಠ 48 ಗಂಟೆ ಬಿಡಬೇಕು. ಚರ್ಮ ಕೆಂಪಾಗುವುದು ತಡವಾಗಿ. ಅದು ಏರಿ ನಿಲ್ಲುವುದಕ್ಕೆ 12ರಿಂದ 24 ಗಂಟೆ ಬೇಕು. ಮಾರನೆಯ ದಿನವೇ ಹೋದರೆ, ಹಿಂದಿನ ದಿನದ ಫಲ ಪೂರ್ತಿ ಕಾಣುವ ಮುಂಚೆಯೇ ಇನ್ನೊಂದು ಏಟು ಕೊಟ್ಟ ಹಾಗೆ. ದೀಪ ಬದಲಾಯಿಸಿದ್ದಾರೆಯೇ ಎಂದು ಕೇಳಿ. ಹಳೆಯ ದೀಪದ ಬಲ ಕುಗ್ಗಿರುತ್ತದೆ, ಹೊಸದು ಬಂದ ದಿನ ಅದೇ ಹತ್ತು ನಿಮಿಷ ಸುಟ್ಟುಬಿಡಬಹುದು. ಯಂತ್ರದ ಮೇಲೆ ಬರೆದಿರುವ ವೇಳೆಯನ್ನು ಮೀರಬೇಡಿ, ತುರ್ತಾಗಿ ನಿಲ್ಲಿಸುವ ಗುಂಡಿಗೆ ಒಳಗಿನಿಂದಲೇ ಕೈ ಎಟಕುತ್ತದೆಯೇ ನೋಡಿಕೊಳ್ಳಿ, ಅದೇ ದಿನ ಮತ್ತೆ ಬಿಸಿಲಿಗೆ ಮೈ ಒಡ್ಡಬೇಡಿ. ಇವೆಲ್ಲ ಸುಡುವುದನ್ನು ತಪ್ಪಿಸುವ ಜಾಗ್ರತೆಗಳು. ಕ್ಯಾನ್ಸರಿನ ಲೆಕ್ಕ ಇವುಗಳಿಂದ ಚುಕ್ತಾ ಆಗುವುದಿಲ್ಲ.

ಬಣ್ಣವೇ ಬೇಕೆನ್ನುವವರಿಗೆ ಕಿರಣವಿಲ್ಲದ ದಾರಿಯೂ ಇದೆ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಇವಾ ವಿಟ್‌ಗೆನ್‌ಸ್ಟೈನ್ ಎಂಬ ಸಂಶೋಧಕಿ, ಒಂದು ಅಪರೂಪದ ಕಾಯಿಲೆಯ ಮಕ್ಕಳಿಗೆ ಡೈಹೈಡ್ರಾಕ್ಸಿಅಸಿಟೋನ್ ಎಂಬ ಸಕ್ಕರೆಯ ದ್ರಾವಣ ಕುಡಿಸುತ್ತಿದ್ದರು. ಅದು ಚೆಲ್ಲಿದ ಕಡೆ ಮಕ್ಕಳ ಚರ್ಮ ಕಂದಾಗುವುದು ಅವರ ಕಣ್ಣಿಗೆ ಬಿತ್ತು. ಬಟ್ಟೆಗೆ ಮಾತ್ರ ಏನೂ ಕಲೆಯಾಗಿರಲಿಲ್ಲ. ಕುತೂಹಲ ತಡೆಯದೆ ತಮ್ಮ ಮೈಗೇ ಹಚ್ಚಿ ನೋಡಿದರು. ಇವತ್ತಿನ ಟ್ಯಾನಿಂಗ್ ಕ್ರೀಮು, ಸ್ಪ್ರೇಗಳಲ್ಲಿ ಇರುವುದು ಅದೇ. ಚರ್ಮದ ತುದಿಯ ಸತ್ತ ಪದರದ ಜೊತೆ ಬೆರೆತು ಬಣ್ಣ ಕೊಡುತ್ತದೆ, ಆ ಪದರ ಉದುರಿದಂತೆ ಒಂದು ವಾರದೊಳಗೆ ಮಾಸುತ್ತದೆ. ಸ್ಪ್ರೇ ಹೊಡೆಯುವಾಗ ಕಣ್ಣು, ತುಟಿ, ಮೂಗು ಮುಚ್ಚಿಕೊಳ್ಳಿ. ಅದು ಉಸಿರಿನಲ್ಲಿ ಒಳಗೆ ಹೋಗಬಾರದು. ಈ ಬಣ್ಣ ಬಿಸಿಲನ್ನು ತಡೆಯುವುದಿಲ್ಲ, ಸನ್‌ಸ್ಕ್ರೀನ್ ಬೇರೆಯಾಗಿ ಬೇಕು. ಟ್ಯಾನಿಂಗ್ ಮಾತ್ರೆ, ಮೆಲನೊಟಾನ್ ಚುಚ್ಚುಮದ್ದು ಎಂದು ಮಾರುವವರಿಂದ ಮಾತ್ರ ದೂರ ಇರಿ. ಮಾತ್ರೆಯಲ್ಲಿನ ಕ್ಯಾಂತಾಕ್ಸಾಂತಿನ್ ಎಂಬ ಬಣ್ಣದ ವಸ್ತು ಕಣ್ಣಿನ ಅಕ್ಷಿಪಟಲದಲ್ಲಿ ಹರಳುಗಟ್ಟಿದ್ದು ದಾಖಲಾಗಿದೆ.

ಬಿಡಬೇಕು ಅಂದುಕೊಂಡರೂ ಬಿಡಲು ಆಗುತ್ತಿಲ್ಲ ಎಂದು ತಲೆ ತಗ್ಗಿಸಿ ಹೇಳುವವರಿದ್ದಾರೆ. ನಾಚಿಕೆ ಬೇಡ. ಕಿರಣ ಬಿದ್ದ ಚರ್ಮ ಬೀಟಾ-ಎಂಡಾರ್ಫಿನ್ ಎಂಬ, ಮನಸ್ಸಿಗೆ ಹಿತ ಕೊಡುವ ವಸ್ತುವನ್ನು ಹೊರಡಿಸುತ್ತದೆ. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನವೂ ಕಿರಣ ಕಂಡ ಇಲಿಗಳಿಗೆ ಆ ಹಿತದ ವಸ್ತುವಿನ ಪರಿಣಾಮ ತಡೆಯುವ ಔಷಧಿ ಕೊಟ್ಟಾಗ, ಚಟ ಬಿಟ್ಟವರ ಹಾಗೆ ನಡುಗಿದವು. ಇದು ಬರೀ ಶೋಕಿ ಅಲ್ಲ, ಹಾಗಾಗಿ ಸಹಾಯ ಕೇಳಬಹುದು.

ಕೊನೆಯ ಪ್ರಶ್ನೆ ವರ್ಷಗಟ್ಟಲೆ ಮಲಗಿ, ಈಗ ಬಿಟ್ಟವರದು. ಇನ್ನೇನು ಮಾಡಲಿ? ತಿಂಗಳಿಗೊಮ್ಮೆ ಸ್ನಾನವಾದ ಮೇಲೆ ಒಳ್ಳೆಯ ಬೆಳಕಿನಲ್ಲಿ ನಿಂತು ನೆತ್ತಿಯಿಂದ ಅಂಗಾಲಿನವರೆಗೆ ನೋಡಿಕೊಳ್ಳಿ. ಚರ್ಮ ಕಪ್ಪಗಿರುವವರು ಅಂಗೈ, ಅಂಗಾಲು, ಉಗುರಿನ ಬುಡ ಮರೆಯಬೇಡಿ. ಅಲ್ಲಿ ಬಂದದ್ದು ಗೊತ್ತಾಗುವುದು ಹೆಚ್ಚಾಗಿ ತಡವಾಗಿ. ಒಂದು ಮಚ್ಚೆಯ ಅರ್ಧ ಇನ್ನರ್ಧಕ್ಕೆ ಹೊಂದುತ್ತಿಲ್ಲವೇ, ಅಂಚು ಹರಿದ ಕಾಗದದ ಹಾಗಿದೆಯೇ, ಒಂದರಲ್ಲೇ ಎರಡು ಮೂರು ಬಣ್ಣಗಳಿವೆಯೇ, 6 ಮಿಲಿಮೀಟರಿಗಿಂತ ಅಗಲವೇ, ಎಲ್ಲಕ್ಕಿಂತ ಮುಖ್ಯವಾಗಿ, ಕಳೆದ ತಿಂಗಳಿಗಿಂತ ಬದಲಾಗಿದೆಯೇ? ಹೌದಾದರೆ ಆ ವಾರವೇ ವೈದ್ಯರಿಗೆ ತೋರಿಸಿ. ತೆಳ್ಳಗಿರುವಾಗಲೇ ಸಿಕ್ಕ ಮೆಲನೋಮವನ್ನು ಕತ್ತರಿಸಿ ತೆಗೆದರೆ ಬಹುತೇಕರು ಪೂರ್ತಿ ಗುಣವಾಗುತ್ತಾರೆ. ಬೆನ್ನು ಮಾತ್ರ ನಿಮಗೆ ಕಾಣುವುದಿಲ್ಲ. ಅದಕ್ಕೆ ಕೈಗನ್ನಡಿ ಹಿಡಿಯಿರಿ, ಇಲ್ಲವೇ ಮನೆಯವರಲ್ಲಿ ಯಾರನ್ನಾದರೂ ಕರೆಯಿರಿ.

ನಮಸ್ಕಾರ.