ಹಲ್ಲು ಕೀಳಿಸುವ ಮುನ್ನ ಮಾತ್ರೆ ಬಿಡಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ನಲವತ್ತು ದಾಟಿದ ಒಬ್ಬ ಹೆಣ್ಣುಮಗಳು ಹಲ್ಲುನೋವು ಅಂತ ಬಂದು ನನ್ನ ಮುಂದಿನ ಕುರ್ಚಿಯಲ್ಲಿ ಕೂತರು. ಕರೆಂಟ್ ಹೋಗಿತ್ತು, ಫ್ಯಾನ್ ನಿಂತಿತ್ತು. ಟಾರ್ಚ್ ಹಿಡಿದು ದವಡೆ ಹಲ್ಲು ನೋಡಲು ಬಗ್ಗಿದಾಗ ಅವರ ಎದೆಯೊಳಗಿಂದ ಟಿಕ್ ಟಿಕ್ ಅಂತ ಸಣ್ಣ ಸದ್ದು ಕೇಳಿಸಿತು, ಹಳೇ ಕೈಗಡಿಯಾರವನ್ನು ಕಿವಿಗೆ ಹಿಡಿದ ಹಾಗೆ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು ಅಂತ ಆಗಲೇ ಗೊತ್ತಾಯಿತು. ಚಿಕ್ಕಂದಿನಲ್ಲಿ ಗಂಟಲು ನೋವಿನ ಬೆನ್ನಿಗೆ ಬಂದ ಕೀಲುವಾತ ಜ್ವರ ಕವಾಟವನ್ನು ಕೆಡಿಸಿತ್ತು.

"ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ದೀರಲ್ವಾ?" ಅಂದೆ.

"ತಗೋತಿದ್ದೆ ಡಾಕ್ಟ್ರೇ. ಹಲ್ಲು ಕೀಳಿಸಿದ್ರೆ ರಕ್ತ ನಿಲ್ಲೋದಿಲ್ಲ ಅಂದ್ರು ಪಕ್ಕದ ಮನೆಯವರು. ಐದು ದಿನದಿಂದ ಬಿಟ್ಟಿದ್ದೀನಿ."

ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿ ಬಂದವರ ನೆಮ್ಮದಿ ಅವರ ಮುಖದಲ್ಲಿತ್ತು. ನನ್ನ ಕೈ ತಣ್ಣಗಾಯಿತು. ಅವತ್ತು ಹಲ್ಲು ಮುಟ್ಟಲಿಲ್ಲ. ಅವರ ಹೃದಯದ ವೈದ್ಯರಿಗೆ ಫೋನ್ ಮಾಡಿ, ಅದೇ ಮಧ್ಯಾಹ್ನ ಅಲ್ಲಿಗೆ ಕಳಿಸಿದೆ. ಅದೃಷ್ಟ ಚೆನ್ನಾಗಿತ್ತು, ಏನೂ ಆಗಲಿಲ್ಲ.

ಪಕ್ಕದ ಮನೆಯವರನ್ನು ದೂರಲು ನನಗೆ ಬಾಯಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಎಷ್ಟೋ ಜನರಿಗೆ "ಐದು ದಿನ ಮಾತ್ರೆ ನಿಲ್ಲಿಸಿ ಬನ್ನಿ" ಅಂತ ಚೀಟಿಯ ಮೇಲೆ ಬರೆದುಕೊಟ್ಟಿದ್ದೇನೆ. ಆಗ ರೂಢಿಯೇ ಹಾಗಿತ್ತು. ಈಗ ತಿಳಿವಳಿಕೆ ಬದಲಾಗಿದೆ, ಆದರೆ ಹಳೇ ಮಾತು ಊರಿನಲ್ಲಿ ಇನ್ನೂ ಓಡಾಡುತ್ತಿದೆ. ಅದಕ್ಕೇ ಇವತ್ತು ಈ ವಿಷಯವನ್ನೇ ಆರಿಸಿಕೊಂಡೆ.

ಮೊದಲು ಆ ಹೆಸರನ್ನೇ ಸ್ವಲ್ಪ ಸರಿ ಮಾಡೋಣ. 'ರಕ್ತ ತೆಳು ಮಾಡುವ ಮಾತ್ರೆ' ಅನ್ನುತ್ತೇವೆ, ಆದರೆ ರಕ್ತ ತೆಳುವಾಗುವುದಿಲ್ಲ. ಹಾಲಿಗೆ ನೀರು ಬೆರೆಸಿದ ಹಾಗಲ್ಲ ಇದು. ಹೆಪ್ಪು ಹಾಕಿದ ಹಾಲು ಬೇಗ ಮೊಸರಾಗದ ಹಾಗೆ ತಡೆಯುವುದು. ರಕ್ತ ಹೆಪ್ಪುಗಟ್ಟುತ್ತದೆ, ನಿಧಾನವಾಗಿ ಗಟ್ಟುತ್ತದೆ, ಅಷ್ಟೇ. ಈ ಗುಣ ಪತ್ತೆಯಾದದ್ದು ದನಗಳಿಂದ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಲ್ಲಿ ಬೂಸ್ಟು ಹಿಡಿದ ಒಂದು ಬಗೆಯ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ, ಸತ್ತ ಹಸುವಿನ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲೇ ತುಂಬಿಕೊಂಡು ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿಯ ಪ್ರಯೋಗಾಲಯಕ್ಕೆ ತಂದ. ಆ ಜಾಡು ಹಿಡಿದು ಹುಟ್ಟಿದ್ದೇ ವಾರ್ಫರಿನ್ ಎಂಬ ಮಾತ್ರೆ. ನಮ್ಮಲ್ಲಿ ಹೆಚ್ಚು ಜನ ನುಂಗುವ ಅಸಿಟ್ರೋಮ್ ಕೂಡ ಅದರ ಬಳಗದ್ದೇ.

ಲೋಹದ ಕವಾಟದ ಮೇಲೆ ರಕ್ತಕ್ಕೆ ಹೆಪ್ಪುಗಟ್ಟುವ ಸ್ವಭಾವ ಇದೆ. ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ವಲಿಯತ್ತಾನ್ ಅವರ ತಂಡ ಭಾರತದಲ್ಲೇ ಅಂಥ ಕವಾಟ ತಯಾರಿಸಿ, 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಿತು. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದರು. ಆ ಕವಾಟ ಎಷ್ಟೋ ಬಡವರ ಜೀವ ಉಳಿಸಿದೆ. ಆದರೆ ಯಾವ ಲೋಹದ ಕವಾಟವೇ ಆಗಲಿ, ಅದರ ಜೊತೆಗೆ ಆಯುಷ್ಯಪೂರ್ತಿ ಮಾತ್ರೆ ಇರಲೇಬೇಕು. ಮಾತ್ರೆ ನಿಂತರೆ ಕವಾಟವೇ ಸಿಕ್ಕಿಕೊಳ್ಳಬಹುದು, ಅಥವಾ ಹೆಪ್ಪಿನ ಚೂರು ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು.

ಹಲ್ಲು ಕಿತ್ತ ಗುಂಡಿಯಿಂದ ರಕ್ತ ಬಂದರೆ ನನ್ನ ಬೆರಳು ಅಲ್ಲಿಗೆ ತಲುಪುತ್ತದೆ, ಒತ್ತಬಹುದು, ಹೊಲಿಯಬಹುದು. ಮೆದುಳಿನ ರಕ್ತನಾಳದಲ್ಲಿ ಕೂತ ಹೆಪ್ಪಿಗೆ ನನ್ನ ಬೆರಳು ತಲುಪುವುದಿಲ್ಲ.

ಹಾಗಾದರೆ ಮಾತ್ರೆ ನುಂಗುತ್ತಲೇ ಹಲ್ಲು ತೆಗೆಯುವುದು ಹೇಗೆ? ಅಸಿಟ್ರೋಮ್ ಅಥವಾ ವಾರ್ಫರಿನ್ ತೆಗೆದುಕೊಳ್ಳುವವರಿಗೆ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ಅಳೆಯುವ ಐಎನ್‌ಆರ್ ಎಂಬ ರಕ್ತಪರೀಕ್ಷೆ ಗೊತ್ತೇ ಇರುತ್ತದೆ. ಮಾತ್ರೆ ಇಲ್ಲದವರಿಗೆ ಅದು ಸುಮಾರು 1. ಮಾತ್ರೆ ಇರುವವರಿಗೆ ಹೆಚ್ಚಾಗಿ 2ರಿಂದ 3, ಕೆಲವು ಕವಾಟದವರಿಗೆ 3.5ರವರೆಗೂ ಇರಬೇಕು ಅಂತ ವೈದ್ಯರು ಹೇಳಿರುತ್ತಾರೆ. ಸ್ಕಾಟ್ಲೆಂಡಿನ ದಂತವೈದ್ಯರ ಮಾರ್ಗಸೂಚಿ ಸ್ಪಷ್ಟವಾಗಿದೆ: ಐಎನ್‌ಆರ್ 4ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ನಿಲ್ಲಿಸದೆಯೇ ಹಲ್ಲು ತೆಗೆಯಬಹುದು. ಪರೀಕ್ಷೆ ಹಿಂದಿನ 24 ಗಂಟೆಯೊಳಗಿನದ್ದಾಗಿರಲಿ. ಹೋದ ತಿಂಗಳ ಚೀಟಿ ತಂದರೆ ನನಗೆ ಉಪಯೋಗವಿಲ್ಲ. ಐಎನ್‌ಆರ್ ಬರೆಸಿಕೊಳ್ಳುವ ಆ ಚಿಕ್ಕ ಪುಸ್ತಕ, ಮಾತ್ರೆಯ ಸ್ಟ್ರಿಪ್ ಎರಡನ್ನೂ ಹಿಡಿದುಕೊಂಡೇ ಬನ್ನಿ. "ಒಂದು ದಿನ ಒಂದು, ಒಂದು ದಿನ ಅರ್ಧ, ಬಿಳೀ ಮಾತ್ರೆ" ಅಂದರೆ ಅದು ಯಾವುದು ಅಂತ ನಾನು ಊಹಿಸಬೇಕಾಗುತ್ತದೆ. ಊಹೆ ಇಲ್ಲಿ ನಡೆಯುವುದಿಲ್ಲ.

ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರು ಇಕೋಸ್ಪ್ರಿನ್, ಕ್ಲೋಪಿಡೊಗ್ರೆಲ್ ಎಂಬ ಹೆಪ್ಪು ತಡೆಯುವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಾರೆ. ಇವುಗಳಿಗೆ ಐಎನ್‌ಆರ್ ಬೇಕಿಲ್ಲ. ಇವನ್ನೂ ಹಲ್ಲಿಗಾಗಿ ನಿಲ್ಲಿಸಬಾರದು, ಅದರಲ್ಲೂ ಸ್ಟೆಂಟ್ ಹೊಸದಾಗಿದ್ದರೆ. ಮೊದಲ ತಿಂಗಳುಗಳಲ್ಲಿ ಮಾತ್ರೆ ತಪ್ಪಿಸಿದರೆ ಸ್ಟೆಂಟ್ ಒಳಗೇ ಹೆಪ್ಪು ಕೂತು ಮತ್ತೆ ಹೃದಯಾಘಾತವಾಗಬಹುದು. ಆತುರವಿಲ್ಲದ ಹಲ್ಲಿನ ಕೆಲಸವಾದರೆ ಆ ತಿಂಗಳುಗಳು ಕಳೆಯುವವರೆಗೆ ಕಾಯುವುದು ಮೇಲು. ಇನ್ನು ಅಪಿಕ್ಸಬಾನ್, ರಿವರೊಕ್ಸಬಾನ್, ಡಬಿಗಟ್ರಾನ್ ಎಂಬ, ಹೆಪ್ಪು ತಡೆಯುವ ಹೊಸ ಮಾತ್ರೆಗಳಿವೆ. ಒಂದೆರಡು ಹಲ್ಲಿಗೆ ಇವನ್ನೂ ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ದೊಡ್ಡ ಕೆಲಸವಿದ್ದರೆ ಬೆಳಗಿನ ಒಂದು ಮಾತ್ರೆ ಬಿಡಿ ಅಥವಾ ತಡವಾಗಿ ತಗೊಳ್ಳಿ ಅಂತ ವೈದ್ಯರು ಹೇಳಬಹುದು. ಅವರು ಹೇಳಿದರೆ ಮಾತ್ರ.

ಲೋಹದ ಕವಾಟದವರಿಗೆ ಇನ್ನೊಂದು ಮಾತು. ಹಲ್ಲು ತೆಗೆಯುವಾಗ ಬಾಯಿಯ ಕ್ರಿಮಿ ರಕ್ತಕ್ಕೆ ಸೇರಿ ಕವಾಟಕ್ಕೆ ಸೋಂಕು ಹತ್ತಬಹುದು. ಅದಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು, ದೊಡ್ಡವರಿಗೆ ಸಾಮಾನ್ಯವಾಗಿ 2 ಗ್ರಾಂ ಅಮಾಕ್ಸಿಸಿಲಿನ್ ಕೊಡುತ್ತೇವೆ. ಪೆನ್ಸಿಲಿನ್ ಆಗುವುದಿಲ್ಲ ಅನ್ನುವವರು ಮೊದಲೇ ಹೇಳಬೇಕು.

ಬೆಳಗ್ಗೆಯೇ ಬನ್ನಿ, ಆದಷ್ಟು ವಾರದ ಮೊದಲ ದಿನಗಳಲ್ಲಿ. ಆಮೇಲೆ ರಕ್ತ ಜಿನುಗಿದರೆ ಹಗಲಿರುವಾಗಲೇ ನೋಡಬಹುದು. ಶನಿವಾರ ಸಂಜೆ ಕಿತ್ತರೆ ಭಾನುವಾರ ಯಾರು ಸಿಗುತ್ತಾರೆ? ಹಲ್ಲು ತೆಗೆದ ಗುಂಡಿಗೆ ಕರಗುವ ಸ್ಪಂಜಿನ ತುಂಡು ಇಟ್ಟು, ಒಂದೆರಡು ಹೊಲಿಗೆ ಹಾಕಿ, ಟ್ರಾನೆಕ್ಸಾಮಿಕ್ ಆಮ್ಲದಲ್ಲಿ ನೆನೆಸಿದ ಗಾಜ್ ಬಟ್ಟೆ ಕಚ್ಚಿಸುತ್ತೇವೆ. ಹೆಪ್ಪನ್ನು ಕರಗದಂತೆ ಹಿಡಿದಿಡುವ ಔಷಧಿ ಅದು. ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿರಬೇಕು. ಐದೈದು ನಿಮಿಷಕ್ಕೆ ತೆಗೆದು ನೋಡಿದರೆ ಕೂರುತ್ತಿದ್ದ ಹೆಪ್ಪು ಕಿತ್ತುಬರುತ್ತದೆ.

ಮೊಸರು ಹೆಪ್ಪಾಗುವಾಗ ಅಮ್ಮಂದಿರು ಪಾತ್ರೆ ಅಲುಗಿಸಲು ಬಿಡುತ್ತಿರಲಿಲ್ಲ ಅಲ್ಲವೇ? ಹಾಗೆಯೇ ಇದು. ಮೊದಲ ದಿನ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ, ಬಿಸಿ ಕಾಫಿ ಬೇಡ, ಎಳನೀರನ್ನೂ ಸ್ಟ್ರಾ ಹಾಕಿ ಹೀರಬೇಡಿ. ಎಲೆ ಅಡಿಕೆ, ಬೀಡಿ ಮುಟ್ಟಲೇಬೇಡಿ. ಉಪ್ಪುನೀರು ಮರುದಿನದಿಂದ, ಮೆಲ್ಲಗೆ. ಎಂಜಲಿನ ಜೊತೆ ತುಸು ಕೆಂಪು ಬಂದರೆ ಗಾಬರಿ ಬೇಡ. ಶುದ್ಧವಾದ ಗಾಜ್ ಮಡಿಸಿಟ್ಟು ಮತ್ತೆ ಅರ್ಧ ಗಂಟೆ ಕಚ್ಚಿ. ಆಮೇಲೂ ಬಾಯಿ ತುಂಬುವಷ್ಟು ಬರುತ್ತಿದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಬಾಯಲ್ಲಿ ಗಾಜ್ ಕಚ್ಚಿಕೊಂಡೇ ಹೊರಡಿ.

ನನಗೆ ಹಲ್ಲು ಕೀಳುವುದಕ್ಕಿಂತ ಹೆಚ್ಚು ಭಯ ಔಷಧಿ ಅಂಗಡಿಯದ್ದು. ಹಲ್ಲುನೋವು ಅಂದ ತಕ್ಷಣ ಐಬುಪ್ರೊಫೇನ್, ಡೈಕ್ಲೊಫೆನಾಕ್, ನೀರಲ್ಲಿ ಕರಗಿಸುವ ಕೆಟೊರೊಲ್ಯಾಕ್ ಕೈಗೆ ಬರುತ್ತವೆ. ಹೆಪ್ಪು ತಡೆಯುವ ಮಾತ್ರೆ ಇರುವವರಿಗೆ ಇವು ಹೊಟ್ಟೆಯಲ್ಲೂ ರಕ್ತಸ್ರಾವ ತರಬಲ್ಲವು. ನೋವಿಗೆ ಪ್ಯಾರಾಸಿಟಮಾಲ್, ಅದೂ ಹೇಳಿದಷ್ಟೇ. ದವಡೆ ಊತಕ್ಕೆ ಕೊಡುವ ಮೆಟ್ರೊನಿಡಜೋಲ್ ಇನ್ನೂ ಅಪಾಯ: ಅದು ಅಸಿಟ್ರೋಮ್‌ನ ಬಲವನ್ನು ಏರಿಸಿಬಿಡುತ್ತದೆ. ಹಲ್ಲುಸೆಟ್ಟಿನ ಕೆಳಗಿನ ಶಿಲೀಂಧ್ರ ಸೋಂಕಿಗೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ ಅಷ್ಟೇ. ಹಚ್ಚುವ ಮುಲಾಮು ತಾನೇ ಅಂತ ಸುಮ್ಮನಿರಬೇಡಿ. ಜೊತೆಗೆ ಹಲ್ಲು ಕಿತ್ತ ಮೇಲೆ ವಾರವಿಡೀ ಬರೀ ಗಂಜಿ ಕುಡಿದರೆ, ದಿನಾ ತಿನ್ನುತ್ತಿದ್ದ ಮಸೊಪ್ಪು, ಬಸ್ಸಾರು ತಪ್ಪಿ, ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವ ಇಳಿಯುತ್ತದೆ, ಐಎನ್‌ಆರ್ ಏರುತ್ತದೆ. ಸೊಪ್ಪನ್ನು ಎಂದಿನಷ್ಟೇ, ಮೆತ್ತಗೆ ಬೇಯಿಸಿ ತಿನ್ನಿ. ಬೇರೆ ಮಾತ್ರೆ ಶುರುವಾಗಿದ್ದರೆ ಕೆಲವೇ ದಿನಗಳಲ್ಲಿ ಐಎನ್‌ಆರ್ ಮತ್ತೆ ನೋಡಿಸಿ.

ವಸಡಿನಲ್ಲಿ ರಕ್ತ ಬರುತ್ತದೆ ಅಂತ ಹಲ್ಲುಜ್ಜುವುದನ್ನೇ ಬಿಟ್ಟವರನ್ನು ನೋಡಿ ನನಗೆ ಸಂಕಟವಾಗುತ್ತದೆ. ಕೊಳೆ ಕೂತಷ್ಟೂ ವಸಡು ಊದುತ್ತದೆ, ರಕ್ತ ಹೆಚ್ಚುತ್ತದೆ. ಮೆತ್ತನೆಯ ಬ್ರಷ್ ಸಾಕು, ಆದರೆ ದಿನಕ್ಕೆರಡು ಸಲ ಬೇಕು. ಹಲ್ಲು ಶುದ್ಧಿ ಮಾಡಿಸುವುದಕ್ಕೂ ಮಾತ್ರೆ ಬಿಡಬೇಕಿಲ್ಲ.

ಆ ಹೆಣ್ಣುಮಗಳು ಮೂರು ವಾರದ ಮೇಲೆ ಒಂದು ಸೋಮವಾರ ಬೆಳಗ್ಗೆ ಬಂದರು. ಪುಸ್ತಕದಲ್ಲಿ ಹಿಂದಿನ ದಿನದ ತಾರೀಖು, ಐಎನ್‌ಆರ್ 2.8. ಹಲ್ಲು ತೆಗೆದು, ಎರಡು ಹೊಲಿಗೆ ಹಾಕಿ, ಗಾಜ್ ಕಚ್ಚಿಸಿ ಹೊರಗಿನ ಬೆಂಚಿನ ಮೇಲೆ ಕೂರಿಸಿದೆ. ಅವರ ಗಂಡ ಗೋಡೆ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಅರ್ಧ ಗಂಟೆ ಕಳೆದು ಗಾಜ್ ತೆಗೆದಾಗ ಗುಂಡಿಯಲ್ಲಿ ಕಪ್ಪುಗೆಂಪು ಹೆಪ್ಪು ಗಟ್ಟಿಯಾಗಿ ಕೂತಿತ್ತು. ಮರುದಿನ ನಾನೇ ಫೋನ್ ಮಾಡಿ ವಿಚಾರಿಸಿದೆ. ರಾತ್ರಿ ಗಂಜಿ ಕುಡಿದು, ಎಂಟು ಗಂಟೆಗೆ ಎಂದಿನ ಹಾಗೆ ಅಸಿಟ್ರೋಮ್ ನುಂಗಿ ಮಲಗಿದೆ ಅಂದರು.

ನಮಸ್ಕಾರ.