ಕುಲುಮೆ ಆರದ ಊರುಗಳು

ಕೇಳುಗರಿಗೆ ನಮಸ್ಕಾರ.

ಟರ್ಕಿ ಎಂದ ಕೂಡಲೇ ಕಣ್ಣಿಗೆ ಕಟ್ಟುವುದು ಇಸ್ತಾಂಬುಲ್‌ನ ಗುಮ್ಮಟಗಳು, ಮುಗಿಲಿಗೆ ಚಾಚಿದ ಮಿನಾರುಗಳು. ಅವೆಲ್ಲ ಸುಲ್ತಾನರೂ ವಜೀರರೂ ಕಟ್ಟಿಸಿದವು. ನಾನು ಇವತ್ತು ಹೇಳಹೊರಟಿರುವುದು ಕಮ್ಮಾರರು, ಬಡಗಿಗಳು, ಜೋಡು ಹೊಲಿಯುವವರು, ಕಂಚುಗಾರರು ಸೇರಿ ರೂಪ ಕೊಟ್ಟ ಊರುಗಳ ಸಂಗತಿ. ಒಂದು ಊರಿಗೆ ತನ್ನದೇ ಮುಖ ಎಲ್ಲಿಂದ ಬರುತ್ತದೆ, ಆ ಮುಖ ಹೇಗೆ ಅಳಿಸಿಹೋಗುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಉತ್ತರ ಹುಡುಕುತ್ತ ಹೋದರೆ ಟರ್ಕಿಯ ಸಣ್ಣಪುಟ್ಟ ಊರುಗಳೇ ಹೆಚ್ಚು ಕಲಿಸುತ್ತವೆ.

ಅಂಕಾರಾದಿಂದ ಉತ್ತರಕ್ಕೆ, ಕಪ್ಪು ಸಮುದ್ರದ ಕಡೆಯ ಬೆಟ್ಟಗಳ ನಡುವೆ, ಸಫ್ರಾನ್‌ಬೊಲು ಎಂಬ ಊರಿದೆ. ಸರಕು ಹೊತ್ತ ಪ್ರಾಣಿಗಳ ಸಾಲು ಸಾಗುತ್ತಿದ್ದ ವ್ಯಾಪಾರದ ದಾರಿಯ ಮೇಲಿನ ಊರು. ವರ್ತಕರು ತಂಗುವುದಕ್ಕೆಂದು ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಜಿಂಜಿ ಹಾನ್ ಎಂಬ ಕಲ್ಲಿನ ಛತ್ರ ಇಂದಿಗೂ ಗಟ್ಟಿಯಾಗಿದೆ. ಕಣಿವೆಯ ತಳದಲ್ಲಿ, ಚಳಿಗಾಳಿ ನುಗ್ಗದ ಕಡೆ, ಪೇಟೆ ಮತ್ತು ಚಳಿಗಾಲದ ಮನೆಗಳು. ಮೇಲೆ ದ್ರಾಕ್ಷಿತೋಟಗಳ ನಡುವೆ ಬೇಸಿಗೆಯ ಮನೆಗಳು. ಉಳ್ಳ ಮನೆತನಗಳಿಗೆ ಎರಡೂ ಕಡೆ ಮನೆ. ಕಿರಾನ್‌ಕೊಯ್ ಎಂಬ ಇನ್ನೊಂದು ಕೇರಿಯಲ್ಲಿ ಗ್ರೀಕ್ ಕ್ರೈಸ್ತರು ಇದ್ದರು. ಕೆಳಗೆ ಅಂಗಡಿ, ಮಹಡಿಯಲ್ಲಿ ವಾಸ. 1923ರ ಒಪ್ಪಂದದಂತೆ ನಡೆದ ಜನವಿನಿಮಯದಲ್ಲಿ ಅವರು ಮನೆಮಠ ಬಿಟ್ಟು ಗ್ರೀಸಿಗೆ ಹೋಗಬೇಕಾಯಿತು. ಅವರ ಇಗರ್ಜಿ ಈಗ ಮಸೀದಿ. ಈ ಊರಿನ ಚೆಲುವನ್ನು ಹೊಗಳುವಾಗ ಹಾಗೆ ಹೊರಟುಹೋದವರ ಕೈಗಳನ್ನು ಮರೆಯಬಾರದು.

ಸಫ್ರಾನ್‌ಬೊಲುವಿನ ಒಂದು ಮನೆಯೊಳಗೆ ಹೋಗೋಣ. ಕೆಳ ಅಂತಸ್ತು ಪೂರ್ತಿ ಕಲ್ಲು. ಬೀದಿ ಹೇಗೆ ಬಾಗಿದೆಯೋ ಗೋಡೆಯೂ ಹಾಗೇ ಬಾಗುತ್ತದೆ. ಅದರ ಮೇಲೆ ಮರದ ಚೌಕಟ್ಟು, ಕಂಬ ಕಂಬದ ನಡುವೆ ಓರೆ ತೊಲೆ, ಸಂದಿಗೆ ಹಸಿ ಇಟ್ಟಿಗೆ, ಮೇಲೆ ಸುಣ್ಣದ ಬಿಳುಪು. ಈ ಬಗೆಯ ಕಟ್ಟಡಕ್ಕೆ ಅಲ್ಲಿನವರು ಹಿಮಿಶ್ ಎನ್ನುತ್ತಾರೆ. ಕೆಳಗಿನ ಗೋಡೆ ಎಷ್ಟೇ ಸೊಟ್ಟಗಿರಲಿ, ಮೇಲಿನ ಕೋಣೆಗಳು ತೊಲೆಗಳ ಮೇಲೆ ಬೀದಿಯತ್ತ ಚಾಚಿಕೊಂಡು ನೇರ ಚೌಕಕ್ಕೆ ಬರುತ್ತವೆ. ನಡುವೆ ದೊಡ್ಡ ಪಡಸಾಲೆ, ಸುತ್ತ ಕೋಣೆಗಳು. ಒಂದೊಂದು ಕೋಣೆಯೂ ಒಂದು ಸಂಸಾರಕ್ಕೆ ಸಾಲುವಂತೆ ಸಜ್ಜು: ಗೋಡೆಯುದ್ದಕ್ಕೂ ಕೂರುವ ಜಗಲಿ, ಹಾಸಿಗೆ ಎತ್ತಿಡಲು ಗೋಡೆಬೀರು, ಅದೇ ಬೀರುವಿನ ಒಂದು ಬಾಗಿಲ ಹಿಂದೆ ಪುಟ್ಟ ಬಚ್ಚಲು. ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವಿನ ಗೋಡೆಯಲ್ಲಿ ತಿರುಗುವ ಬೀರು ಇರುತ್ತದೆ. ಅಡುಗೆಯ ತಟ್ಟೆಯನ್ನು ಅದರಲ್ಲಿಟ್ಟು ತಿರುಗಿಸಿದರೆ ಆಚೆ ಕಡೆಯ ಅತಿಥಿಗಳ ಕೈಗೆ ಸಿಗುತ್ತದೆ, ಬಡಿಸಿದವರ ಮುಖ ಕಾಣಿಸುವುದಿಲ್ಲ. ಕೆಲವು ದೊಡ್ಡ ಮನೆಗಳ ಒಳಗೇ ನೀರಿನ ಕೊಳ. ಬೇಸಿಗೆಗೆ ತಂಪು, ಬೆಂಕಿ ಬಿದ್ದರೆ ಕೈಗೆಟುಕುವ ನೀರು.

ಈಗ ಆ ಮನೆಯಲ್ಲಿರುವ ಕಬ್ಬಿಣವನ್ನು ಗಮನಿಸಿ. ಬಾಗಿಲಿನ ಬಿಜಾಗರಿ, ಅಗುಳಿ, ತಟ್ಟುವ ಬಳೆ, ಅಗಲ ತಲೆಯ ಮೊಳೆ, ಕಿಟಕಿಯ ಸರಳು, ಎಲ್ಲವೂ ಕಣಿವೆಯ ಕಮ್ಮಾರಸಾಲಿನಲ್ಲಿ ಬಡಿದು ಮಾಡಿದ್ದು. ಹೊಳೆಯ ಪಕ್ಕದ ತೊಗಲು ಹದ ಮಾಡುವ ಜಾಗದಿಂದ ಚರ್ಮ ಬರುತ್ತಿತ್ತು. ಆ ಚರ್ಮ ಜೀನು ಹೊಲಿಯುವವರ ಬೀದಿಗೂ ಜೋಡು ಹೊಲಿಯುವವರ ಅರಸ್ತಾಕ್ಕೂ ಹೋಗುತ್ತಿತ್ತು. ಅರಸ್ತಾ ಎಂದರೆ ಒಂದೇ ಕಸುಬಿನವರ ಅಂಗಡಿಸಾಲು. ಕೊಪ್ರುಲು ಮೆಹಮದ್ ಪಾಷಾ ಮಸೀದಿಯ ಪಕ್ಕದಲ್ಲಿರುವ ಆ ಸಾಲಿನ ಮರದ ಪುಟ್ಟ ಅಂಗಡಿಗಳಲ್ಲಿ ಯೆಮೆನಿ ಎಂಬ ಹಗುರ ಚರ್ಮದ ಜೋಡು ತಯಾರಾಗುತ್ತಿತ್ತು. ಹುಡುಗ ಚಿರಾಕ್ ಆಗಿ, ಅಂದರೆ ಕಲಿಯುವವನಾಗಿ ಸೇರುತ್ತಿದ್ದ. ವರ್ಷಗಳು ಕಳೆದ ಮೇಲೆ ಕಾಲ್ಫಾ, ಅಂದರೆ ಕೈಕೆಲಸದವ, ಕೊನೆಗೆ ಉಸ್ತಾ, ಅಂದರೆ ಪಳಗಿದ ಕುಶಲಿ. ಉಸ್ತಾ ಆದ ದಿನ ಹಿರಿಯರು ಎಲ್ಲರೆದುರು ಅವನ ಸೊಂಟಕ್ಕೆ ಪಟ್ಟಿ ಕಟ್ಟುತ್ತಿದ್ದರು. ಸರಕಿನ ಬೆಲೆ, ಗುಣಮಟ್ಟ, ಯಾರು ಅಂಗಡಿ ತೆರೆಯಬೇಕು ಎಂಬುದನ್ನೆಲ್ಲ ಕಸುಬಿನ ಕೂಟವೇ ತೀರ್ಮಾನಿಸುತ್ತಿತ್ತು. ಹೀಗೆ ಮನೆ, ಹೊಳೆ, ಕುಲುಮೆ, ಮಸೀದಿ ಒಂದಕ್ಕೊಂದು ಕೊಂಡಿ ಹಾಕಿಕೊಂಡಿದ್ದವು. ಊರಿನ ಮುಖ ಎಂದರೆ ನನ್ನ ಪಾಲಿಗೆ ಈ ಕೊಂಡಿಯೇ.

ಸಫ್ರಾನ್‌ಬೊಲು ಉಳಿದದ್ದಕ್ಕೆ ಒಂದು ವಿಚಿತ್ರ ಕಾರಣವಿದೆ. 1937ರಲ್ಲಿ ಪಕ್ಕದ ಕಾರಾಬುಕ್‌ನಲ್ಲಿ ಸರ್ಕಾರಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಬಿತ್ತು. ಸಂಬಳದ ಕೆಲಸ, ಹೊಸ ಕಟ್ಟಡ, ಹಣದ ಓಡಾಟವೆಲ್ಲ ಆ ಕಡೆ ಹರಿಯಿತು. ಹಳೆಯ ಕಣಿವೆಯಲ್ಲಿ ಯಾರಿಗೂ ಮನೆ ಕೆಡವಿ ಫ್ಲ್ಯಾಟ್ ಏಳಿಸುವ ಅವಸರ ಹುಟ್ಟಲಿಲ್ಲ. ಉಳಿದ ಊರುಗಳ ಕಥೆ ಬೇರೆ. 1965ರಲ್ಲಿ ಫ್ಲ್ಯಾಟುಗಳ ಒಡೆತನಕ್ಕೆ ಕಾನೂನು ಬಂದದ್ದೇ ತಡ, ಹಳೆಯ ಮನೆಯವರು ಜಾಗ ಕೊಡುವುದು, ಗುತ್ತಿಗೆದಾರ ಐದಾರು ಅಂತಸ್ತು ಕಟ್ಟುವುದು, ಇಬ್ಬರೂ ಫ್ಲ್ಯಾಟು ಹಂಚಿಕೊಳ್ಳುವುದು ದೇಶದ ತುಂಬ ರೂಢಿಯಾಯಿತು. ಮರದ ಮನೆಗಳ ಬೀದಿಗೆ ಬೀದಿಯೇ ಕಾಂಕ್ರೀಟಾಯಿತು. ಒಂದು ನಗರದ ಫೋಟೊ ತೋರಿಸಿದರೆ ಇನ್ನೊಂದು ನಗರವೆಂದು ನಂಬಬಹುದಾದ ಸ್ಥಿತಿ. ಸಫ್ರಾನ್‌ಬೊಲುವಿನಲ್ಲಿ ಮಾತ್ರ 1970ರ ದಶಕದ ನಡುವಿನಲ್ಲಿ ಪುರಸಭೆಯೂ ವಾಸ್ತುಶಿಲ್ಪದ ಅಧ್ಯಾಪಕರೂ ಕೈಜೋಡಿಸಿ ಊರನ್ನು ಕಾಯುವ ಕೆಲಸಕ್ಕೆ ಇಳಿದರು. 1994ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆಮೇಲೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮನೆಗಳ ದುರಸ್ತಿ ಶುರುವಾದಾಗ ಹಳೆಯ ಬಾಗಿಲುಗಳಿಗೆ ಹಳೆಯ ನಮೂನೆಯ ಬಿಜಾಗರಿ, ಅಗುಳಿ ಬೇಕಾದವು. ಕಾರ್ಖಾನೆಯಲ್ಲಿ ಅವು ಸಿಗುವಂಥವಲ್ಲ. ಕಮ್ಮಾರಸಾಲಿನಲ್ಲಿ ಹಾಗಾಗಿ ಸುತ್ತಿಗೆ ಸದ್ದು ಉಳಿಯಿತು. ಜೋಡಿನವರಿಗೆ ಆ ಭಾಗ್ಯ ಒದಗಲಿಲ್ಲ. ರಬ್ಬರ್ ಅಟ್ಟೆಯ ಅಗ್ಗದ ಚಪ್ಪಲಿ ಬಂದ ಮೇಲೆ ಯೆಮೆನಿ ಕೊಳ್ಳುವವರಿಲ್ಲ. ಅರಸ್ತಾವನ್ನು ಚೆನ್ನಾಗಿ ದುರಸ್ತಿ ಮಾಡಿದ್ದಾರೆ, ಮರದ ಹಲಗೆ ಬಾಗಿಲು, ಮೇಲೆ ದ್ರಾಕ್ಷಿಬಳ್ಳಿಯ ನೆರಳು. ಅಂಗಡಿಗಳಲ್ಲಿ ಈಗ ನೆನಪಿನ ಕಾಣಿಕೆ, ಕಾಫಿ. ಯೆಮೆನಿ ಹೊಲಿಯುವವರು ಬೆರಳೆಣಿಕೆಗೆ ಇಳಿದಿದ್ದಾರೆ. ಒಂದೇ ಊರು, ಒಂದೇ ಕಾನೂನಿನ ರಕ್ಷಣೆ. ಬೇಡಿಕೆ ಇದ್ದ ಕಸುಬು ಬದುಕಿತು, ಇಲ್ಲದ್ದು ಸೊರಗಿತು. ಪ್ರವಾಸಿಗರನ್ನು ದೂರುವುದರಲ್ಲಿ ನನಗೆ ನಂಬಿಕೆಯಿಲ್ಲ, ಅವರು ಬಾರದಿದ್ದರೆ ಛಾವಣಿಗಳೇ ಕುಸಿದಿರುತ್ತಿದ್ದವು. ಆದರೆ ಗೋಡೆಗೆ ಹಣ ತೆಗೆದಿಡುವ ಸರ್ಕಾರ ಆ ಗೋಡೆಯ ಹಿಂದೆ ಕೂತವರ ಕಸುಬಿಗೂ ಅಷ್ಟೇ ಯೋಚಿಸಿ ದಾರಿ ಮಾಡಿಕೊಡಬೇಕಿತ್ತು.

ಬೇಡಿಕೆ ಬದುಕಿಸಿದ ಕಸುಬನ್ನು ನೋಡಬೇಕಾದರೆ ಆಗ್ನೇಯಕ್ಕೆ, ಗಾಝಿಯಂತೆಪ್‌ಗೆ ಹೋಗಬೇಕು. ಅಲ್ಲಿನ ತಾಮ್ರದ ಪೇಟೆಯಲ್ಲಿ ಉಸ್ತಾ ತಗಡನ್ನು ಕಾಯಿಸಿ ಮೆತ್ತಗೆ ಮಾಡಿ, ಗೂಟದಂಥ ಕಬ್ಬಿಣದ ಆಸರೆಯ ಮೇಲೆ ತಿರುಗಿಸುತ್ತ ಬಡಿಯುತ್ತಾರೆ. ಏಟು ಬಿದ್ದಂತೆ ತಾಮ್ರ ಬಿರುಸಾಗುತ್ತದೆ, ಮತ್ತೆ ಬೆಂಕಿಗೆ, ಮತ್ತೆ ಸುತ್ತಿಗೆಗೆ. ಪಾತ್ರೆ ಮುಗಿದ ಮೇಲೆ ಒಳಗೆ ಕಲಾಯಿ. ಕಾದ ಪಾತ್ರೆಗೆ ನವಸಾಗರ ಉದುರಿಸಿದರೆ ಬಿಳಿ ಹೊಗೆ ಏಳುತ್ತದೆ. ಕರಗಿದ ತವರವನ್ನು ಹತ್ತಿಯಿಂದ ಬರಬರನೆ ಒರೆಸಿ ಹಬ್ಬಿಸಬೇಕು, ತಡವಾದರೆ ಗಂಟು ಕಟ್ಟುತ್ತದೆ. ನಮ್ಮ ಊರುಗಳಲ್ಲಿ ಬೀದಿ ಬೀದಿಯಲ್ಲಿ ಕಲಾಯಿಯವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಊರಿನಲ್ಲಿ ಈ ಕಸುಬು ನಿಂತಿರುವುದು ಬಹುಪಾಲು ಅಡುಗೆಮನೆಯ ಬಲದಿಂದ. ಬಕ್ಲಾವಾದ ತಟ್ಟೆಗಳು, ಬೆಯ್‌ರಾನ್ ಸಾರಿನ ಬಟ್ಟಲುಗಳು ಇಂದಿಗೂ ತಾಮ್ರದವೇ. 2015ರಲ್ಲಿ ಯುನೆಸ್ಕೊ ಗಾಝಿಯಂತೆಪನ್ನು ಅಡುಗೆಯ ಸೃಜನಶೀಲ ನಗರಗಳ ಸಾಲಿಗೆ ಸೇರಿಸಿತು. ಲೋಹದ ಕಸುಬಿನ ಮಾತು ಬಂದಾಗ ವಿಜಯಪುರದವರು ಒಂದನ್ನು ನೆನೆಯಬಹುದು. ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದವನು ಆ ತುರ್ಕಿ ಸೀಮೆಯಿಂದ ಬಂದ ರೂಮಿ ಎಂಬ ಕುಶಲಿ.

ಬೇಡಿಕೆ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎನ್ನಲಾಗದು. ಇಝ್ನಿಕ್ ಎಂಬ ಊರಿನ ಕುಂಬಾರರ ಕಥೆ ಕೇಳಿ. ಹದಿನಾರನೆಯ ಶತಮಾನದ ನಡುವಿನಲ್ಲಿ ಅವರು ಹವಳದಂಥ ಕೆಂಪು ಬಣ್ಣ ಸಾಧಿಸಿದರು, ಗೋಡೆಗೆ ಹಚ್ಚುವ ಮಣ್ಣಿನ ಬಿಲ್ಲೆಯ ಮೇಲೆ ಬೆರಳಾಡಿಸಿದರೆ ಆ ಕೆಂಪು ಉಬ್ಬಿಕೊಂಡಿರುವುದು ತಿಳಿಯುತ್ತದೆ. ಇಸ್ತಾಂಬುಲ್‌ನ ರುಸ್ತಮ್ ಪಾಷಾ ಮಸೀದಿಯ ಗೋಡೆಗಳು ಆ ಕೆಲಸದ ತುತ್ತತುದಿ. ಅರಮನೆ ಮಾತ್ರ ಬಿಲ್ಲೆಗೆ ತಾನು ಗೊತ್ತುಮಾಡಿದ ದರವನ್ನೇ ಕೊಡುತ್ತ ಬಂತು. ಸೌದೆ, ಬಣ್ಣ, ಕೂಲಿಯ ಬೆಲೆ ಏರುತ್ತಲೇ ಇತ್ತು. ಕುಂಬಾರರು ಬೇರೆ ಗಿರಾಕಿಗೆ ಮಾರಿದರೆ ಅರಮನೆಯಿಂದ ಎಚ್ಚರಿಕೆಯ ಆಜ್ಞೆ. 1617ರ ಸುಮಾರಿಗೆ ಸುಲ್ತಾನ್ ಅಹ್ಮದ್ ಮಸೀದಿಯ ಕೆಲಸ ಮುಗಿದ ಮೇಲೆ ಅಷ್ಟು ದೊಡ್ಡ ಕೆಲಸವೂ ಬರಲಿಲ್ಲ. ಗೂಡುಗಳು ಒಂದೊಂದಾಗಿ ಆರಿದವು, ಕೆಂಪಿನ ಗುಟ್ಟೂ ಕಳೆದುಹೋಯಿತು. ಅದನ್ನು ಮತ್ತೆ ಹಿಡಿಯಲು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ವಿಜ್ಞಾನಿಗಳೂ ಕುಂಬಾರರೂ ಸೇರಿ ಹೆಣಗಬೇಕಾಯಿತು. ಕೆಲಸಕ್ಕೆ ತಕ್ಕ ಬೆಲೆ ಕೊಡದ ಅರಮನೆ ತನ್ನದೇ ವೈಭವದ ಬೇರು ಕಡಿಯಿತು ಎಂದೇ ನಾನು ತಿಳಿದಿದ್ದೇನೆ.

ಟೈಗ್ರಿಸ್ ದಂಡೆಯ ಹಸನ್‌ಕೇಫ್‌ನ ವಿಷಯ ನೆನೆದರೆ ಮನಸ್ಸು ಭಾರವಾಗುತ್ತದೆ. ಇಲಿಸು ಅಣೆಕಟ್ಟಿನ ನೀರು ಏರುವ ಮೊದಲು, 2017ರಲ್ಲಿ, ಝೆಯ್ನೆಲ್ ಬೇ ಗೋರಿಯನ್ನು ಇಡಿಯಾಗಿ ಗಾಡಿಯ ಮೇಲೇರಿಸಿ ಎರಡು ಕಿಲೋಮೀಟರ್ ಆಚೆ ಸಾಗಿಸಿದರು. ಸಾವಿರ ಟನ್ನು ಮೀರಿದ ತೂಕ. ಎಂಜಿನಿಯರುಗಳ ಸಾಧನೆಯನ್ನು ಕಡಿಮೆ ಮಾಡಲಾರೆ. 2020ರ ಹೊತ್ತಿಗೆ ಎಷ್ಟೋ ಗುಹೆಮನೆಗಳೂ ಪೇಟೆಯೂ ನೀರಿನ ಪಾಲಾದವು. ಗೋರಿ ಉಳಿಯಿತು, ಊರು ಹೋಯಿತು.

ಕೊನೆಗೆ ದಕ್ಷಿಣದ ತುದಿಯ ಅಂತಾಕ್ಯಾ ಊರು. 2023ರ ಫೆಬ್ರುವರಿ 6ರ ಭೂಕಂಪದಲ್ಲಿ ಟರ್ಕಿಯಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಂತಾಕ್ಯಾದ ಹಬೀಬಿ ನೆಜ್ಜಾರ್ ಮಸೀದಿ, ಆರ್ಥೊಡಾಕ್ಸ್ ಇಗರ್ಜಿ, ಕಲ್ಲಂಗಳದ ಹಳೆಯ ಮನೆಗಳು ನೆಲ ಕಚ್ಚಿದವು. ಕೊಂದದ್ದು ಬಹುತೇಕ ಕಾಂಕ್ರೀಟ್ ಕಟ್ಟಡಗಳು. 1999ರ ಮರ್ಮರಾ ಭೂಕಂಪದಲ್ಲೇ ಒಂದು ಸಂಗತಿ ಕಂಡುಬಂದಿತ್ತು: ಸುತ್ತ ಕಾಂಕ್ರೀಟು ಉರುಳಿದ ಕಡೆಗಳಲ್ಲೂ ಎಷ್ಟೋ ಹಿಮಿಶ್ ಮನೆಗಳು ಬಿರುಕು ಬಿಟ್ಟರೂ ಬೀಳಲಿಲ್ಲ. ಮರದ ಚೌಕಟ್ಟು ಬಾಗಿಕೊಡುತ್ತದೆ, ಇಟ್ಟಿಗೆ ಇಟ್ಟಿಗೆ ಉಜ್ಜಿ ನಡುಕದ ಕಸುವನ್ನು ತಿಂದುಹಾಕುತ್ತದೆ. ಆ ಜ್ಞಾನ ಬಡಗಿಗಳ ಕೈಯಲ್ಲಿತ್ತು. ಈಗ ಅಂತಾಕ್ಯಾವನ್ನು ಮತ್ತೆ ಕಟ್ಟುತ್ತಿದ್ದಾರೆ. ಉದ್ದಪೇಟೆ ಎಂದೇ ಹೆಸರಾದ ಅಲ್ಲಿನ ಉಝುನ್ ಚಾರ್ಶಿಯಲ್ಲಿ ಕುನೆಫೆ ಸಿಹಿಗೆ ಶಾವಿಗೆ ಎಳೆಯುವವರು, ಲಾರೆಲ್ ಎಂಬ ಮರದ ಎಣ್ಣೆಯಿಂದ ಸಾಬೂನು ಕಾಸುವವರು, ತಾಮ್ರದವರು ಪಕ್ಕಪಕ್ಕದಲ್ಲಿದ್ದರು. ಭೂಕಂಪದ ಮೇಲೆ ವ್ಯಾಪಾರಿಗಳು ಕಂಟೇನರುಗಳ ತಾತ್ಕಾಲಿಕ ಪೇಟೆಗಳಲ್ಲಿ ಅಂಗಡಿ ಹೂಡಿದರು. ಹೊಸ ಅಂಗಡಿಗಳ ಬೀಗದ ಕೈ ಮೊದಲು ಇವರಿಗೇ ಸಿಗಬೇಕು, ಹಳೆಯ ಬಾಡಿಗೆಯ ಆಸುಪಾಸಿನಲ್ಲೇ ಸಿಗಬೇಕು, ಬೀದಿಗಳ ಮರಗೆಲಸವನ್ನೂ ಕಲ್ಲುಗೆಲಸವನ್ನೂ ಆ ಸೀಮೆಯ ಉಸ್ತಾಗಳಿಗೆ ಒಪ್ಪಿಸಿ, ಜೊತೆಗೆ ಕಲಿಯುವ ಹುಡುಗರಿಗೆ ಸಂಬಳ ಕೊಡಬೇಕು. ಟರ್ಕಿ ಸರ್ಕಾರ 2008ರಿಂದ ಹಿರಿಯ ಕುಶಲಿಗಳಿಗೆ ಜೀವಂತ ಮಾನವ ನಿಧಿ ಎಂಬ ಗೌರವ ಕೊಡುತ್ತ ಬಂದಿದೆ. ಅಂತಾಕ್ಯಾದಲ್ಲಿ ಅಂಥವರಿಗೆ ಪ್ರಶಸ್ತಿಯ ಜೊತೆಗೆ ಕೈತುಂಬ ಕೆಲಸವನ್ನೂ ಕೊಡುವ ಅವಕಾಶ ಈಗ ಬಂದಿದೆ.

ನಮಸ್ಕಾರ.