ಎರಡು ವರ್ಷದ ಅಬ್ಬರ: ಮಾರ್ಟನ್ ಡೌನಿ ಜೂನಿಯರ್

ಅಮೆರಿಕದ ಬಲಪಂಥೀಯ ಟಿವಿ ನಿರೂಪಕರ ಮಾತು ಬಂದರೆ ಎಲ್ಲರೂ ಬಿಲ್ ಓ'ರೈಲಿ, ಟಕರ್ ಕಾರ್ಲ್‌ಸನ್ ಅವರ ಹೆಸರನ್ನೇ ತೆಗೆಯುತ್ತಾರೆ. ಆದರೆ 1987ರಲ್ಲಿ ನ್ಯೂಜೆರ್ಸಿಯ ಸೆಕಾಕಸ್ ಪಟ್ಟಣದ ಸ್ಥಳೀಯ ವಾಹಿನಿಯೊಂದರಲ್ಲಿ ಆರಂಭವಾಗಿ, ಮರುವರ್ಷವೇ ದೇಶದಾದ್ಯಂತ ಪ್ರಸಾರಗೊಂಡು, 1989ರಲ್ಲಿ ನಿಂತೇಹೋದ ಮಾರ್ಟನ್ ಡೌನಿ ಜೂನಿಯರ್ ಅವರ ಕಾರ್ಯಕ್ರಮವನ್ನು ಬಿಟ್ಟು ಈ ಪರಂಪರೆಯನ್ನು ಅರ್ಥಮಾಡಿಕೊಳ್ಳಲಾಗದು ಎಂಬುದು ನನ್ನ ಅಭಿಪ್ರಾಯ.

ಡೌನಿ ವೇದಿಕೆಯ ಮೇಲೆಯೇ ಒಂದರ ಹಿಂದೊಂದು ಸಿಗರೇಟು ಸೇದುತ್ತಿದ್ದರು. ಒಪ್ಪದ ಅತಿಥಿಯ ಮುಖಕ್ಕೆ ಹೊಗೆ ಬಿಡುತ್ತಿದ್ದರು. ಉದಾರವಾದಿಗಳನ್ನು ಹೀನಾಯವಾಗಿ ಬೈದು, ಬಾಯಿ ಮುಚ್ಚಿಕೊಳ್ಳಲು ಗದರುತ್ತಿದ್ದರು. ಇಷ್ಟು ಮಾತ್ರವಾಗಿದ್ದರೆ ಅದರಲ್ಲಿ ಹೊಸತೇನೂ ಇರಲಿಲ್ಲ, ಏಕೆಂದರೆ 1960ರ ದಶಕದಲ್ಲೇ ಟಿವಿ ನಿರೂಪಕ ಜೋ ಪೈನ್ ಅತಿಥಿಗಳನ್ನು ಅವಮಾನಿಸುವುದನ್ನೇ ಕಸುಬಾಗಿಸಿಕೊಂಡಿದ್ದರು. ಡೌನಿ ಅದನ್ನು ಇನ್ನೂ ಮುಂದಕ್ಕೆ ಕೊಂಡೊಯ್ದರು: ಸ್ಟುಡಿಯೋದಲ್ಲಿ ಕುಳಿತ ಗುಂಪನ್ನೇ ಕಾರ್ಯಕ್ರಮದ ಜೀವಾಳವಾಗಿಸಿದರು. ಅತಿಥಿ ವಾದಿಸಬೇಕಾದದ್ದು ನಿರೂಪಕರೊಂದಿಗಲ್ಲ, ಕೂಗುವ ಆ ಗುಂಪಿನೊಂದಿಗೆ.

ಅವರ ಸಿದ್ಧಾಂತನಿಷ್ಠೆಯ ಬಗ್ಗೆ ನನಗೆ ಹೆಚ್ಚಿನ ನಂಬಿಕೆಯಿಲ್ಲ. ಪ್ರಸಿದ್ಧ ಗಾಯಕರ ಮಗನಾಗಿ, ಉದಾರವಾದಿ ಡೆಮಾಕ್ರಟಿಕ್ ಪಕ್ಷದ ಕೆನಡಿ ಕುಟುಂಬದ ಒಡನಾಟದಲ್ಲಿ ಬೆಳೆದು, ತಾವೂ ಹಾಡಲು ಪ್ರಯತ್ನಿಸಿದ್ದ ಈ ಮನುಷ್ಯನಿಗೆ ಬೇಕಾಗಿದ್ದುದು, ನನ್ನ ಎಣಿಕೆಯಲ್ಲಿ, ಸಭಿಕರ ಚಪ್ಪಾಳೆಯೇ ಹೊರತು ಪಕ್ಷವಲ್ಲ.

ಗುಂಪಿಗೆ ನಿನ್ನೆಯ ಜಗಳ ಇವತ್ತು ಸಾಲುವುದಿಲ್ಲ ಎಂಬುದೇ ಗುಂಪನ್ನು ನೆಚ್ಚಿದ ಕಾರ್ಯಕ್ರಮದ ತೊಡಕು. 1988ರಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನ ಅಪೊಲೊ ರಂಗಮಂದಿರದಲ್ಲಿ ನಡೆದ ಡೌನಿ ಕಾರ್ಯಕ್ರಮದ ಚಿತ್ರೀಕರಣದಲ್ಲಿ ಕಪ್ಪುಜನರ ಇಬ್ಬರು ನಾಯಕರಾದ ರಾಯ್ ಇನಿಸ್ ಮತ್ತು ಆಲ್ ಶಾರ್ಪ್‌ಟನ್ ನಡುವಿನ ವಾಗ್ವಾದ ಕೈಕೈ ಮಿಲಾಯಿಸುವ ಹಂತಕ್ಕೆ ಹೋಗಿ, ಇನಿಸ್ ಶಾರ್ಪ್‌ಟನ್ ಅವರನ್ನು ನೆಲಕ್ಕೆ ತಳ್ಳಿದರು. ಅದೇ ವರ್ಷ ಪ್ರತಿಸ್ಪರ್ಧಿ ಜೆರಾಲ್ಡೊ ರಿವೆರಾ ಅವರ ಕಾರ್ಯಕ್ರಮದಲ್ಲಿ ಕುರ್ಚಿಗಳು ಹಾರಾಡಿ, ಸ್ವತಃ ರಿವೆರಾ ಅವರ ಮೂಗೇ ಮುರಿಯಿತು. ಇಂಥ ಪೈಪೋಟಿಯಲ್ಲಿ ಮುಂದಿನ ಹೆಜ್ಜೆ ಯಾವುದು? 1989ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಶೌಚಾಲಯದಲ್ಲಿ ನವನಾಜಿಗಳು ತಮ್ಮ ಮೇಲೆ ಬಿದ್ದು, ಕೂದಲು ಕತ್ತರಿಸಿ, ಮುಖದ ಮೇಲೆ ನಾಜಿ ಲಾಂಛನ ಬರೆದರೆಂದು ಡೌನಿ ಹೇಳಿಕೊಂಡರು. ಪೊಲೀಸರಿಗೆ ಪುರಾವೆ ಸಿಗಲಿಲ್ಲ. ಮೇಲಾಗಿ ಆ ಲಾಂಛನ, ಕನ್ನಡಿ ನೋಡಿಕೊಂಡು ಬರೆದಂತೆ, ತಿರುಗುಮುರುಗಾಗಿತ್ತು. ಕೆಲವೇ ತಿಂಗಳಲ್ಲಿ ಕಾರ್ಯಕ್ರಮ ನಿಂತಿತು. ಮುಂದೆ ಶ್ವಾಸಕೋಶದ ಕ್ಯಾನ್ಸರ್ ತಗುಲಿದ ಮೇಲೆ ಅವರು ಧೂಮಪಾನದ ವಿರುದ್ಧ ಪ್ರಚಾರ ಮಾಡಿದರು, 2001ರಲ್ಲಿ ತೀರಿಕೊಂಡರು.

ಟಿವಿಗೆ ಬರುವ ಮುನ್ನ ಡೌನಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದ ರೇಡಿಯೋದಲ್ಲಿದ್ದರು. ಚೀನೀಯರನ್ನು ಹೀಯಾಳಿಸುವ ಮಾತಾಡಿ 1984ರಲ್ಲಿ ಆ ಕೆಲಸ ಕಳೆದುಕೊಂಡರು. ಅವರ ಜಾಗಕ್ಕೆ ಬಂದವರು ಮುಂದೆ ದೇಶದ ಹೆಸರಾಂತ ಬಲಪಂಥೀಯ ರೇಡಿಯೋ ನಿರೂಪಕರಾದ ರಶ್ ಲಿಂಬಾ. ಲಿಂಬಾ ಅವರ ಮಾತಿನಲ್ಲೂ ಕಹಿಯೇನೂ ಕಡಿಮೆಯಿರಲಿಲ್ಲ, ಆದರೆ ರೇಡಿಯೋ ಕೋಣೆಯಲ್ಲಿ ಹೆಚ್ಚಾಗಿ ಒಬ್ಬರೇ ಕುಳಿತು ಮಾತನಾಡಿದ ಅವರಿಗೆ ಪ್ರತಿದಿನವೂ ಎದುರಿನ ಗುಂಪನ್ನು ಕೆರಳಿಸುವ ಹಂಗಿರಲಿಲ್ಲ. ಡೌನಿ 1990ರಲ್ಲಿ ದಿವಾಳಿ ಅರ್ಜಿ ಹಾಕಿಕೊಂಡರೆ, ಲಿಂಬಾ ಅವರಿಗೆ 2020ರಲ್ಲಿ ಸಂಸತ್ತಿನ ಜಂಟಿ ಅಧಿವೇಶನದಲ್ಲೇ ಅಮೆರಿಕದ ಅತ್ಯುನ್ನತ ನಾಗರಿಕ ಗೌರವಗಳಲ್ಲೊಂದಾದ ಅಧ್ಯಕ್ಷರ ಸ್ವಾತಂತ್ರ್ಯ ಪದಕವನ್ನು ತೊಡಿಸಲಾಯಿತು.